ತಕ್ಕಡಿ ಇದ್ದ ಮನೆ

ವಕ್ರಾದ ನಮ್ಮ ಮನೆಗೆ ಜನ ಬರುತ್ತಿದ್ದುದೇ ಊರು ಬಿಡುವ ಮುನ್ನಾದಿನ. ದೋಹಾದಿಂದ ದಕ್ಷಿಣಕ್ಕೆ ಸಮುದ್ರದ ಬದಿಯಲ್ಲಿರುವ ಅಲ್ ವಕ್ರಾ ಆಗಿನ್ನೂ ಮೀನುಗಾರರ ಊರಾಗಿತ್ತು. ಅಲ್ಲಿ ನನ್ನ ಬಾಪನಿಗೆ, ಎಂದರೆ ತಂದೆಗೆ, ಒಂದು ಬಕಾಲಾ ಇತ್ತು. ಅಕ್ಕಿ, ಬೇಳೆ, ಸೀಮೆಎಣ್ಣೆ, ಸಾಬೂನು ಎಲ್ಲವೂ ಒಂದೇ ಕೋಣೆಯಲ್ಲಿ ಸಿಗುವ ಸಣ್ಣ ಅಂಗಡಿ. ಮೂಟೆ ತೂಗಲೆಂದು ಅವರು ತರಿಸಿದ ಕೊಕ್ಕೆಯ ತಕ್ಕಡಿಯನ್ನು ತಾಳುವಂಥ ತೊಲೆ ಅಂಗಡಿಯಲ್ಲಿ ಇರಲಿಲ್ಲ. ಹಾಗಾಗಿ ಅದು ನಮ್ಮ ಮನೆಯ ಜಗಲಿಯ ಕಬ್ಬಿಣದ ಪೈಪಿನಲ್ಲಿ ನೇತಾಡುತ್ತಿತ್ತು. ಊರಿಗೆ ಹೊರಟವರಿಗೆ ವಿಮಾನದಲ್ಲಿ ಮೂವತ್ತು ಕಿಲೋ ಮಾತ್ರ. ರಜೆಗೆ ಹೊರಟವರಾಗಲಿ, ಕೆಲಸ ಖಲಾಸ್ ಮಾಡಿಕೊಂಡು ಹೊರಟವರಾಗಲಿ, ಹಿಂದಿನ ಸಂಜೆ ರಟ್ಟಿನ ಪೆಟ್ಟಿಗೆ ಹೊತ್ತು ನಮ್ಮ ಜಗಲಿ ಹತ್ತಲೇಬೇಕು. ಅವರ ಹಿಂದೆಯೇ ಸಾಮಾನು ಕಳಿಸುವವರ ಹಿಂಡು. ಒಬ್ಬನದು ತಾಯಿಗೆ ಮುಲಾಮಿನ ಡಬ್ಬಿ, ಇನ್ನೊಬ್ಬನದು ತಂಗಿಗೆ ಸೀರೆ, ಮತ್ತೊಬ್ಬನದು ಮಗುವಿಗೆ ಹಾಲಿನ ಪುಡಿ. ಕೇಳಿದರೆ ಎಲ್ಲರದೂ ಇಷ್ಟೇ ಇಷ್ಟು. ಹನಿಗೂಡಿದರೆ ಹಳ್ಳ ಎನ್ನುವ ಗಾದೆಯನ್ನು ಮಾಡಿದವರು ಯಾರೋ ಗಲ್ಫಿಗೆ ಬಂದುಹೋದವರೇ ಇರಬೇಕು. ಪೆಟ್ಟಿಗೆ ಕೊಕ್ಕೆಗೆ ಬಿದ್ದ ಕೂಡಲೇ ಮುಳ್ಳು ಮೂವತ್ತೈದರಲ್ಲಿ ನಿಲ್ಲುತ್ತಿತ್ತು. ಆಮೇಲೆ ಹಗ್ಗ ಬಿಚ್ಚುವುದು, ಯಾರದನ್ನು ತೆಗೆಯುವುದೆಂದು ಜಗಳವಾಡುವುದು, ಮತ್ತೆ ಕಟ್ಟುವುದು. ತೆಗೆದದ್ದು ಮುಂದೆ ಹೊರಡುವವರ ಕೈಯಲ್ಲಿ ಹೋಗಲೆಂದು ನಮ್ಮ ಕಪಾಟಿನಲ್ಲಿ ಉಳಿಯುತ್ತಿತ್ತು.

ಅಷ್ಟೂ ಜನಕ್ಕೆ ಉಮ್ಮ, ಎಂದರೆ ತಾಯಿ, ಕಪ್ಪು ಚಹಾ ಕಾಸುತ್ತಿದ್ದರು, ಅಕ್ಕಿರೊಟ್ಟಿ ಸುಡುತ್ತಿದ್ದರು. ಒಂದು ಸಂಜೆ ಮದುವೆಮನೆಯ ಗದ್ದಲ, ಮರುದಿನ ಬೆಳಗ್ಗೆ ಜಗಲಿಯಲ್ಲಿ ತುಂಡು ಹಗ್ಗ ಮತ್ತು ನಾನು. ಬೇರೆ ಮಕ್ಕಳು ಇರಲಿಲ್ಲ, ನಾನೊಬ್ಬಳೇ ಮಗಳು. ಆ ಮನೆಯಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇತ್ತು. ಹೊರಟವರಿಗೆ ಹೋಗಬೇಡಿ ಎನ್ನಬಾರದು. ಅಲ್ಲಿದ್ದವರೆಲ್ಲ ದಿನವೂ ಬೇಡಿಕೊಳ್ಳುತ್ತಿದ್ದುದೇ ಊರಿಗೆ ಹೋಗುವ ಆ ಒಂದು ದಿನಕ್ಕಾಗಿ. ಹಾಗಿರುವಾಗ ಹೋಗಬೇಡ ಎಂದರೆ ಶಾಪ ಹಾಕಿದಂತೆ. ನಾನು ಐದು ವರ್ಷದವಳಿದ್ದಾಗ ಒಬ್ಬರ ಲುಂಗಿ ಹಿಡಿದುಕೊಂಡು ಹೋಗಬೇಡಿ ಎಂದು ಅತ್ತೆನಂತೆ. ಉಮ್ಮ ಒಳಗೆ ಕರೆದು ತೋಳು ನೀಲಿಯಾಗುವಂತೆ ಚಿವುಟಿದ್ದು ಮಾತ್ರ ನನಗೆ ಸ್ವತಃ ನೆನಪಿದೆ. ಅಂದಿನಿಂದ ಪೆಟ್ಟಿಗೆ ಬಂತೆಂದರೆ ನಾನು ಒಳಕೋಣೆಯ ಪರದೆಯ ಹಿಂದೆ ನಿಲ್ಲತೊಡಗಿದೆ. ಅಲ್ಲಿಂದಲೇ ಪೆಟ್ಟಿಗೆ ನೋಡಿ ತೂಕ ಹೇಳುತ್ತಿದ್ದೆ. ಅರ್ಧ ಕಿಲೋ ಆಚೀಚೆ ಆದರೆ ಹೆಚ್ಚು. ಜನ ನಗುತ್ತಿದ್ದರು, ಬಾಪ ಹೆಮ್ಮೆಪಡುತ್ತಿದ್ದರು. ನನಗೆ ಆ ಜನರ ಹೆಸರು ಮರೆತಿದೆ, ತೂಕ ನೆನಪಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಕಳೆದ ಚಳಿಗಾಲದ ಒಂದು ವಾರಾಂತ್ಯ. ವಕ್ರಾ ತನ್ನ ವಾರ್ಷಿಕೋತ್ಸವಕ್ಕೆ ಈಗ ಇರುವವರನ್ನೂ ಹಿಂದೆ ಇದ್ದು ಹೋದವರನ್ನೂ ಎರಡು ದಿನ ಸಮುದ್ರದ ಬದಿಗೆ ಕರೆದಿತ್ತು. ನನ್ನ ಮೈದುನನ ಮಗ ನೌಫಲ್ ಅಲ್ಲಿಯೇ ಒಂದು ಫ್ಲಾಟಿನಲ್ಲಿದ್ದಾನೆ. ಕನ್ನಡದವರಲ್ಲಿ ಯಾರು ಯಾರು ಬರುತ್ತಾರೆಂಬ ಪಟ್ಟಿಯನ್ನು ಅವನು ಫೋನಿಗೆ ಕಳಿಸಿದ್ದ. ಅರವತ್ತು ದಾಟಿದ ನಿವೃತ್ತ ಕನ್ನಡ ಟೀಚರು ನಾನು. ಪಟ್ಟಿ ಕಂಡರೆ ಮೊದಲು ಕಾಗುಣಿತದ ತಪ್ಪು ಹುಡುಕುತ್ತೇನೆ. ಹಾಗೆ ಹುಡುಕುತ್ತಿರುವಾಗ ಒಂದು ಹೆಸರು ಕಣ್ಣಿಗೆ ಬಿತ್ತು: ಗಿರಿಜಾ ಪಾಟೀಲ, ಬಾಗಲಕೋಟೆ ಕಡೆಯವರು, ಮಗನ ಜೊತೆ. ಸಂಜೆಯೇ ಟಿಕೆಟ್ ಮಾಡಲು ಹೇಳಿದೆ. ಊರು ನೋಡುವ ಆಸೆಯಿಂದ ಬರುತ್ತಿದ್ದೇನೆ ಎಂದು ನೌಫಲ್ ತಿಳಿದ. ನನಗೆ ಬೇಕಾಗಿದ್ದುದು ಊರಲ್ಲ. ಐವತ್ತು ವರ್ಷದ ಹಿಂದೆ ಆ ಹೆಂಗಸಿಗೆ ನಾನೊಂದು ತಪ್ಪು ಮಾಡಿದ್ದೆ. ಅದನ್ನು ಅವರೆದುರು ನಿಂತು ಒಪ್ಪಿಕೊಳ್ಳಬೇಕಾಗಿತ್ತು, ಅವರು ಇರುವಾಗ, ನಾನು ಇರುವಾಗ.

ಗಿರಿಜಕ್ಕ ಮತ್ತು ಅವರ ಗಂಡ ಪಾಟೀಲರು ನಮ್ಮ ಮನೆಯ ಇನ್ನೊಂದು ತುದಿಯ ಕೋಣೆಯಲ್ಲಿ ಬಾಡಿಗೆಗಿದ್ದವರು. ಪಾಟೀಲರಿಗೆ ಮರಳುಗಾಡಿನ ಆಚೆಯ ಕಾರ್ಖಾನೆಯಲ್ಲಿ ಕೆಲಸ. ಹೋದರೆ ಮೂರು ದಿನ ಬರುತ್ತಿರಲಿಲ್ಲ. ಗಿರಿಜಕ್ಕನಿಗೆ ಇಪ್ಪತ್ತೈದು ಇದ್ದಿರಬಹುದು, ಮಕ್ಕಳಾಗಿರಲಿಲ್ಲ. ಅಂಗಳದ ಆಚೆಗಿದ್ದ ಅಡುಗೆಮನೆ ಎರಡು ಸಂಸಾರಕ್ಕೂ ಒಂದೇ. ಅವರು ಮೀನಿನ ವಾಸನೆಗೆ ಮೂಗು ಮುಚ್ಚುವವರು, ನಾವು ಮೀನಿಲ್ಲದಿದ್ದರೆ ಊಟವೇ ಆಗದವರು. ಬೆಳಗಿನ ಹೊತ್ತು ಅವರದು, ಹತ್ತು ಗಂಟೆಯ ಮೇಲೆ ನಮ್ಮದು ಎಂದು ಮಾತಾಗಿತ್ತು. ಒಂದು ಶ್ರಾವಣ ಸೋಮವಾರ, ಅವರು ಉಪವಾಸವಿದ್ದು ಪೂಜೆಗೆ ಕುಳಿತ ಹೊತ್ತಿನಲ್ಲೇ ಉಮ್ಮ ಮರೆತು ಒಣಮೀನು ಸುಟ್ಟರು. ಅಲ್ಲಿಗೆ ಮಾತು ನಿಂತಿತು, ಒಂಬತ್ತು ದಿನ. ಉಮ್ಮನಿಗೆ ಬ್ಯಾರಿ ಮತ್ತು ತುಳು ಬಿಟ್ಟು ಬೇರೆ ಬಾರದು; ಗಿರಿಜಕ್ಕನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಮಾತಿದ್ದಾಗಲೂ ಅವರು ಮಾತಾಡುತ್ತಿದ್ದುದು ಕೈಸನ್ನೆಯಿಂದ ಮತ್ತು ನನ್ನ ಬಾಯಿಂದ. ಈಗ ಕೈಸನ್ನೆಯೂ ನಿಂತು ನಾನೊಬ್ಬಳೇ ಉಳಿದೆ. ಬೆಳಗಾಗುವ ಮೊದಲೇ ಧಬಧಬ ರೊಟ್ಟಿ ಬಡಿಯಬೇಡವೆಂದು ಆ ಹೆಂಗಸಿಗೆ ಹೇಳು ಎಂದು ಉಮ್ಮ ಗುರುಗುಟ್ಟಿದರೆ, ಅಂಗಳ ದಾಟುವಷ್ಟರಲ್ಲಿ ಅದು, ಉಮ್ಮನಿಗೆ ರೊಟ್ಟಿ ಕಲಿಯಬೇಕಂತೆ ಎಂದಾಗಿರುತ್ತಿತ್ತು. ಹತ್ತನೆಯ ದಿನ ಗಿರಿಜಕ್ಕ ಜೋಳದ ಹಿಟ್ಟಿನ ಪಾತ್ರೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅದು ನನ್ನ ಮೊದಲ ಅನುವಾದ. ಅದಕ್ಕಿಂತ ನಿಷ್ಠೆಯ ಅನುವಾದಗಳನ್ನು ಆಮೇಲೆ ಮಾಡಿದ್ದೇನೆ, ಅಷ್ಟು ಉಪಯೋಗಕ್ಕೆ ಬಂದದ್ದು ಒಂದೂ ಇಲ್ಲ.

ನನಗೆ ಕನ್ನಡ ಬಂದದ್ದು ಹಾಗೆ, ಕತಾರಿನಲ್ಲಿ, ಬಾಗಲಕೋಟೆಯ ಬಾಯಿಂದ. ಮಧ್ಯಾಹ್ನ ಉಮ್ಮ ಮಲಗಿದಾಗ ನಾನು ಗಿರಿಜಕ್ಕನ ಕೋಣೆಗೆ ಓಡುತ್ತಿದ್ದೆ. ಅವರು ಕೌದಿ ಹೊಲಿಯುತ್ತಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಡುತ್ತಿದ್ದರು. ಆ ಕೌದಿಗೆ ಪಾಟೀಲರ ಅಂಗಿ, ಬಾಪನ ಲುಂಗಿ, ಉಮ್ಮನ ಹರಿದ ಕುಪ್ಪಸ, ನನಗೆ ಗಿಡ್ಡವಾದ ಫ್ರಾಕುಗಳು ಎಲ್ಲ ಸೇರಿದ್ದವು. ಒಂದೊಂದು ತುಂಡು ಹಚ್ಚುವಾಗಲೂ ಅದರ ಅಕ್ಷರ ಬರೆಸುತ್ತಿದ್ದರು: ಅಂಗಿಗೆ ಅ, ಲುಂಗಿಗೆ ಲ. ತಪ್ಪಿದರೆ ಸೂಜಿ ತೋರಿಸಿ ಹೆದರಿಸುತ್ತಿದ್ದರು, ಸರಿಯಾದರೆ ಶೇಂಗಾ ಹೋಳಿಗೆಯ ತುಂಡು. ನನ್ನನ್ನು ಮೈಮೂನವ್ವ ಎಂದು ಕರೆದವರು ಜಗತ್ತಿನಲ್ಲಿ ಅವರೊಬ್ಬರೇ. ಉಮ್ಮನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹೊರಡುವವರ ಚಾಕರಿಯಲ್ಲಿ ಅವರಿಗೆ ಇರುವವಳ ಕಡೆ ನೋಡಲು ಪುರುಸೊತ್ತು ಇರಲಿಲ್ಲ. ಗಿರಿಜಕ್ಕನಿಗೆ ಇತ್ತು. ಎರಡು ವರ್ಷ ನಾನು ಅವರ ಮಗಳಂತೆ ಇದ್ದೆ.

ಒಂದು ದಿನ ಅವರ ಕೋಣೆಗೆ ಖಾಲಿ ರಟ್ಟಿನ ಪೆಟ್ಟಿಗೆ ಬಂತು. ಪಾಟೀಲರ ಕೆಲಸ ಮುಗಿದಿತ್ತು, ಗಿರಿಜಕ್ಕ ಬಸುರಿಯಾಗಿದ್ದರು, ಶುಕ್ರವಾರ ವಿಮಾನ. ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ. ಪುಣ್ಯವಂತೆ, ಊರಿಗೆ ಹೋಗುತ್ತಾಳೆ ಎಂದರು ಉಮ್ಮ. ಹೋಗಬೇಡ ಎನ್ನುವಂತಿಲ್ಲ. ಆದರೆ ಆ ವರ್ಷವೇ ಒಂದು ಸಂಗತಿ ಕಣ್ಣಾರೆ ಕಂಡಿದ್ದೆ. ನಮ್ಮೂರಿನ ಒಬ್ಬರು ವಿಮಾನ ನಿಲ್ದಾಣದಲ್ಲಿ ನಾಲ್ಕು ಕಿಲೋ ಹೆಚ್ಚಿಗೆಗೆ ವಾದಿಸುತ್ತಾ ವಾದಿಸುತ್ತಾ ವಿಮಾನವನ್ನೇ ತಪ್ಪಿಸಿಕೊಂಡು, ಪೆಟ್ಟಿಗೆ ಸಮೇತ ನಮ್ಮ ಮನೆಗೆ ಹಿಂದಿರುಗಿ, ವಾರವಿಡೀ ನಮ್ಮ ಜಗಲಿಯಲ್ಲಿ ಮಲಗಿದ್ದರು. ತೂಕ ಹೆಚ್ಚಾದರೆ ಜನ ಹಿಂದಕ್ಕೆ ಬರುತ್ತಾರೆ ಎಂಬುದು ಒಂಬತ್ತು ವರ್ಷದ ನನಗೆ ಕಣ್ಣೆದುರಿನ ಸತ್ಯ. ಬಾಪನ ಹಳೆಯ ತಕ್ಕಡಿಯ ತೂಕದ ಕಲ್ಲುಗಳು ಮಂಚದ ಕೆಳಗೆ ಬಿದ್ದಿದ್ದವು. ಗುರುವಾರ ಬೆಳಗ್ಗೆ ತೂಗಿ ನೋಡಿದ ಪೆಟ್ಟಿಗೆ ಇಪ್ಪತ್ತೊಂಬತ್ತೂವರೆ ಇತ್ತು. ಮಧ್ಯಾಹ್ನ ಗಿರಿಜಕ್ಕ ಸ್ನಾನಕ್ಕೆ ಹೋದಾಗ ನಾನು ಐದು ಕಿಲೋದ ಕಬ್ಬಿಣದ ಕಲ್ಲನ್ನು ಎದೆಗವಚಿಕೊಂಡು ಹೋಗಿ, ಇನ್ನೂ ಬಿಗಿಯಾಗಿ ಕಟ್ಟದ ಪೆಟ್ಟಿಗೆಯಲ್ಲಿ ಕೌದಿಯ ಮಡಿಕೆಯ ಅಡಿಗೆ ತುರುಕಿದೆ. ಕಟ್ಟಿದ ಪೆಟ್ಟಿಗೆಯನ್ನು ಹಾಗೆಯೇ ಒಯ್ಯುತ್ತಾರೆ ಎಂದುಕೊಂಡಿದ್ದೆ. ಜಗಲಿಯಲ್ಲಿ ಕೊನೆಯ ಸಲ ತೂಗುವ ಪದ್ಧತಿ ಇದೆ ಎಂಬುದು ಆ ಪದ್ಧತಿಯಲ್ಲೇ ಬೆಳೆದ ನನಗೆ ಹೊಳೆಯಲಿಲ್ಲ.

ಸಂಜೆ ಮುಳ್ಳು ಮೂವತ್ತನಾಲ್ಕೂವರೆಗೆ ಹೋಯಿತು. ಪಾಟೀಲರು ಹೌಹಾರಿದರು. ಬೆಳಗ್ಗೆ ಇದ್ದ ತೂಕ ಸಂಜೆಗೆ ಬೆಳೆಯುತ್ತದೆಯೇ, ತಕ್ಕಡಿ ಕೆಟ್ಟಿರಬೇಕು ಎಂದು ಸೇರಿದವರಲ್ಲಿ ಯಾರೋ ಅಂದರು. ಬಾಪನ ಮುಖ ಕೆಂಪಾಯಿತು. ತನ್ನ ತಕ್ಕಡಿ ಸುಳ್ಳು ಹೇಳಿದರೆ ಅಂಗಡಿ ಮುಚ್ಚಿ ಹೋಗುತ್ತೇನೆ ಎಂದರು. ನಾನು ಪರದೆಯ ಹಿಂದೆ ನಿಂತಿದ್ದೆ. ಕೊನೆಗೆ ಗಿರಿಜಕ್ಕನೇ ಕುಕ್ಕರಗಾಲಲ್ಲಿ ಕುಳಿತು ಹಗ್ಗ ಬಿಚ್ಚಿದರು. ಅತ್ತೆಮನೆಯವರ ಉಡುಗೊರೆಗಳನ್ನು ಮುಟ್ಟುವಂತಿರಲಿಲ್ಲ. ಅವರು ಪೆಟ್ಟಿಗೆಯೊಳಗೆ ಕೈ ಹಾಕಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೌದಿಯನ್ನು ಎಳೆದು ತೆಗೆದು ಉಮ್ಮನ ಕೈಗೆ ಕೊಟ್ಟು, ಯಾರಾದರೂ ಆ ಕಡೆ ಹೋದರೆ ಕಳಿಸಿ ಎಂದು ಸನ್ನೆ ಮಾಡಿದರು. ಮುಳ್ಳು ಮೂವತ್ತಕ್ಕೆ ಬಂತು. ಮರುದಿನ ಕಾರು ಬಂದಾಗ ಉಮ್ಮ ನನ್ನನ್ನು ಮೂರು ಸಲ ಕರೆದರು. ನಾನು ಹೋಗಲಿಲ್ಲ.

ತಿಂಗಳ ಮೇಲೆ ಬಾಪ ಹಳೆಯ ಕಲ್ಲುಗಳನ್ನು ಯಾರಿಗೋ ಕೊಡಲೆಂದು ಹೊರತೆಗೆದಾಗ ಐದು ಕಿಲೋದ್ದು ಇರಲಿಲ್ಲ. ಮನೆ ಬುಡಮೇಲಾಯಿತು. ತೂಕದ ಕಲ್ಲನ್ನೇ ಕಾಯಲಾಗದವನು ಎಂಥ ವ್ಯಾಪಾರಿ ಎಂದು ತನ್ನನ್ನೇ ಬೈದುಕೊಂಡರು, ಆಮೇಲೆ ನೆರೆಯವರಿಗೆ ಕೊಟ್ಟು ಮರೆತಿದ್ದೀಯೆಂದು ಉಮ್ಮನನ್ನು ಬೈದರು. ಎರಡು ದಿನ ಮನೆಯಲ್ಲಿ ಊಟದ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಊರಿನ ಮಳೆಗಾಲದ ಹೊತ್ತಿಗೆ ಗಿರಿಜಕ್ಕನ ಕಾಗದ ಬಂತು. ನಾನೇ ಉಮ್ಮನಿಗೆ ಓದಿ ಹೇಳಿದೆ. ಗಂಡುಮಗು, ಎಲ್ಲರೂ ಕ್ಷೇಮ, ಮೈಮೂನಾಗೆ ಎರಡು ಸಾಲು ಬರೆಯಲು ಹೇಳಿ ಎಂದಿತ್ತು. ಕಲ್ಲಿನ ಮಾತೇ ಇರಲಿಲ್ಲ. ಇದ್ದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ಬರೆದೆಯಾ ಎಂದು ಉಮ್ಮ ಕೇಳಿದಾಗ ಬರೆದೆ ಎಂದೆ. ಬರೆದಿರಲಿಲ್ಲ. ಮತ್ತೊಂದು ಕಾಗದ ಬಂತು, ಅದಕ್ಕೂ ಬರೆಯಲಿಲ್ಲ. ಆಮೇಲೆ ಬರಲಿಲ್ಲ. ಕೌದಿ ನಾವು ವಕ್ರಾ ಬಿಡುವ ತನಕ ಕಪಾಟಿನಲ್ಲೇ ಇತ್ತು. ನಂತರ ಯಾರ ಪಾಲಾಯಿತೋ.

ಎರಡು ವರ್ಷದ ಮೇಲೆ ನಾವೂ ಹೊರಟೆವು. ಬಾಪನಿಗೆ ಎದೆನೋವು ಶುರುವಾಗಿತ್ತು. ಅಷ್ಟರಲ್ಲಿ ಗುರುತಿನವರೆಲ್ಲ ಹೋಗಿಯಾಗಿತ್ತು. ನಮ್ಮ ಪೆಟ್ಟಿಗೆಗಳನ್ನು ನಾವೇ ತೂಗಿಕೊಂಡೆವು, ಉಮ್ಮ ಮೂರೇ ಲೋಟ ಚಹಾ ಮಾಡಿದರು. ಮಂಗಳೂರಿನ ಶಾಲೆಯಲ್ಲಿ ಮೊದಲ ದಿನ ಟೀಚರು ಹೆಸರು ಕರೆದಾಗ ಹೌದ್ರಿ ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಹೈಸ್ಕೂಲು ಮುಗಿಯುವವರೆಗೂ ನಾನು ಹುಬ್ಬಳ್ಳಿಯವಳು. ಹಟ ಹಿಡಿದು ಕನ್ನಡ ಓದಿದೆ, ಕನ್ನಡವನ್ನೇ ಕಲಿಸಿದೆ. ನನ್ನ ಗಂಡ ದಮ್ಮಾಮಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಬಂದು ನಲವತ್ತು ದಿನ ಇರುತ್ತಿದ್ದರು. ಅವರ ಪೆಟ್ಟಿಗೆ ನನ್ನಷ್ಟು ಚೆನ್ನಾಗಿ ಕಟ್ಟುವವರು ಊರಲ್ಲೇ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಮ್ಮೆಯಾದರೂ ಹೋಗಬೇಡಿ ಎಂದಿದ್ದರೆ ಅವರು ನಿಲ್ಲುತ್ತಿದ್ದರೋ ಇಲ್ಲವೋ ತಿಳಿಯದು. ನಾನು ಹೇಳಲಿಲ್ಲ, ಅವರು ಅಲ್ಲಿಯೇ ತೀರಿಕೊಂಡರು.

ಶುಕ್ರವಾರ ಸಂಜೆ ನೌಫಲ್ ನನ್ನನ್ನು ಸಮುದ್ರದ ಬದಿಗೆ ಬಿಟ್ಟು, ಯಲ್ಲಾ, ಹೊರಟೆ, ಮುಗಿದ ಕೂಡಲೇ ಫೋನ್ ಮಾಡಿ ಎಂದು ಮಕ್ಕಳ ಟ್ಯೂಷನ್ನಿಗೆ ಓಡಿದ. ಅವನ ಮಕ್ಕಳಿಗೆ ನನ್ನ ಕನ್ನಡ ಅರ್ಥವಾಗುವುದಿಲ್ಲ, ನನಗೆ ಅವರ ಇಂಗ್ಲಿಷಿನ ವೇಗ. ಎರಡು ದಿನದಿಂದ ನಾವು ಒಬ್ಬರಿಗೊಬ್ಬರು ನಕ್ಕು ನಕ್ಕು ದಣಿದಿದ್ದೆವು. ನಮ್ಮ ಮನೆಯಿದ್ದ ಜಾಗ ಹುಡುಕಿದೆ. ಹಳೆಯದರಂತೆ ಕಾಣುವ ಹೊಸ ಗೋಡೆಗಳು, ಕಾಫಿ ಅಂಗಡಿಗಳು. ಎಲ್ಲಿ ನಿಂತರೂ ಇಲ್ಲೇ ಇರಬಹುದು ಅನ್ನಿಸಿತು, ಅಂದರೆ ಎಲ್ಲಿಯೂ ಅಲ್ಲ. ಹೆಸರು ಬರೆಸುವ ಮೇಜಿನಲ್ಲಿದ್ದ ಮಲಯಾಳಿ ಹುಡುಗಿ ನನ್ನ ಹಳೆಯ ಗುರುತಿನ ಚೀಟಿಯ ಸಂಖ್ಯೆ ಕೇಳಿದಳು. ನನಗೆ ಅಂಥದ್ದು ಯಾವತ್ತೂ ಇರಲಿಲ್ಲ. ಆಗ ಮಕ್ಕಳನ್ನು ತಾಯಿಯ ಪಾಸ್‌ಪೋರ್ಟಿನಲ್ಲಿ ಬರೆಯುತ್ತಿದ್ದರು. ಉಮ್ಮನ ಪಾಸ್‌ಪೋರ್ಟಿನ ಒಂದು ಸಾಲು ನಾನು, ಆ ಪಾಸ್‌ಪೋರ್ಟೂ ಈಗಿಲ್ಲ. ಅವಳು ಪಾಪ, ಪರವಾಗಿಲ್ಲವೆಂದು ಮರಳಿನ ಬಣ್ಣದ ಬಿಲ್ಲೆ ಕೊಟ್ಟಳು. ಈಗಿರುವವರಿಗೆ ನೀಲಿ, ಇದ್ದು ಹೋದವರಿಗೆ ಮರಳಿನದು. ಸುತ್ತ ಜನ ಅಪ್ಪಿಕೊಳ್ಳುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಒಂದು ಗಂಟೆ ಎದೆಗಳ ಮೇಲಿನ ಬಿಲ್ಲೆ ಓದುತ್ತಾ ಅಲೆದೆ. ನನ್ನ ಬಿಲ್ಲೆಯನ್ನು ಯಾರೂ ಓದಲಿಲ್ಲ.

ಗಿರಿಜಕ್ಕ ನೀರಿನ ಕಡೆಯ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ಕೂದಲು ಬೆಳ್ಳಗಾಗಿತ್ತು, ಸೆರಗು ಮಾತ್ರ ಅದೇ ರೀತಿ ಬಲಗಡೆಗೆ. ಐವತ್ತರ ಮಗ ಸ್ವಲ್ಪ ದೂರದಲ್ಲಿ ಇಲ್ಲೇ ದೋಹಾದ ಆಚೆಯ ಲುಸೈಲಿನ ತನ್ನ ಆಫೀಸಿನವರೊಡನೆ ಮಾತಾಡುತ್ತಿದ್ದ. ಹತ್ತಿರ ಹೋಗಿ ಹೆಸರು ಹೇಳಿದೆ, ತಕ್ಕಡಿ ಮನೆಯ ಹುಡುಗಿ ಎಂದೆ. ಅವರು ತಲೆಯ ವಸ್ತ್ರದಿಂದ ಚಪ್ಪಲಿಯವರೆಗೆ ನೋಡಿ, ಕಡ್ಡಿಯಂತಿದ್ದವಳು ಎಷ್ಟು ಊದಿಕೊಂಡಿದ್ದೀಯೆಂದು ನಕ್ಕು, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಉಮ್ಮ, ಬಾಪ ಹೋದದ್ದನ್ನು ಹೇಳಿದೆ. ಪಾಟೀಲರು ಹೋದದ್ದನ್ನು ಅವರು ಹೇಳಿದರು. ಇನ್ನು ತಡಮಾಡಿದರೆ ಧೈರ್ಯ ಉಡುಗುತ್ತದೆ ಅನ್ನಿಸಿತು. ಎಷ್ಟೋ ವರ್ಷದಿಂದ ಬಾಯಲ್ಲಿ ಇಲ್ಲದ ಅವರ ಕನ್ನಡವೇ ಬಂತು.

“ಗಿರಿಜಕ್ಕ, ಆ ಪೆಟಗ್ಯಾಗ ತೂಕದ ಕಲ್ಲು ಇಟ್ಟಾಕಿ ನಾನು.”

“ಗೊತ್ತೈತಿ ಬಿಡು.”

“ಊರಿಗೆ ಹೋದ ಮ್ಯಾಲ ಸಿಕ್ತೇನ್ರಿ?”

“ಅವತ್ತ ಸಿಕ್ತು. ಕೌದಿ ತಗಿಯಾಕ ಕೈ ಹಾಕಿದ್ನಲ್ಲ, ತಣ್ಣಗ ಕೈಗೆ ಹತ್ತಿತು. ಎಲ್ಲಾರ ಮುಂದ ಅದನ್ನ ತಗದಿದ್ರ ನಿಮ್ಮಪ್ಪ ನಿನ್ನ ಚರ್ಮಾ ಸುಲೀತಿದ್ದ. ಕೌದಿ ಇನ್ನೊಂದು ಹೊಲಕೋಬಹುದು ಅಂದ್ಕೊಂಡೆ.”

ಐದು ಕಿಲೋ ಕಬ್ಬಿಣವನ್ನು ಅವರು ತಿಳಿದೂ ತಿಳಿದೂ ಸಮುದ್ರ ದಾಟಿಸಿದ್ದರು. ಪಾಟೀಲರಿಗೆ ಬೊಂಬಾಯಿಯಲ್ಲಿ ರೈಲು ಹತ್ತಿದ ಮೇಲೆ ಹೇಳಿದರಂತೆ, ಅವರು ಒಂದು ಸ್ಟೇಷನ್ ದೂರ ಬೈದು ಮತ್ತೊಂದು ಸ್ಟೇಷನ್ ದೂರ ನಕ್ಕರಂತೆ. ನಾನು ಅಳುತ್ತಿದ್ದೆ. ಕ್ಷಮೆ ಕೇಳಲು ಬಂದವಳಿಗೆ ಕ್ಷಮೆ ಐವತ್ತು ವರ್ಷ ಮೊದಲೇ ಸಿಕ್ಕಿತ್ತು, ನಾನದನ್ನು ತೆಗೆದುಕೊಂಡಿರಲಿಲ್ಲ. ಗಿರಿಜಕ್ಕ ನನ್ನ ಕೈ ಬಿಟ್ಟು ನೀರಿನ ಕಡೆ ನೋಡಿದರು.

“ಪರದೇದ ಕೆಳಗ ನಿನ್ನ ಕಾಲು ಕಾಣ್ತಿದ್ವು. ಈಗ ಬರ್ತಾಳ, ಈಗ ಬಂದು ಹೋಗಬ್ಯಾಡ ಅಂತಾಳ ಅಂತ ನೋಡಿದೆ. ನೀ ಬರಲಿಲ್ಲ.”

“ಅಂದಿದ್ರ ಇರ್ತಿದ್ರೇನು?”

“ಎಲ್ಲಿ ಇರ್ತಿದ್ದೆ, ಹುಚ್ಚಿ. ಆದ್ರ ಕೇಳಬೇಕು ಅನ್ನಿಸಿತ್ತು. ಅತ್ತಿ ಮನ್ಯಾಗ ಎಲ್ಲಾರೂ ಕೂಸಿನ ದಾರಿ ನೋಡ್ತಿದ್ರು. ನನ್ನ ದಾರಿ ಯಾರೂ ನೋಡ್ತಿರಲಿಲ್ಲ. ಕಾಗದ ಬರದೆ, ಎರಡು ಸಲ. ನಾ ಕಲಿಸಿದ ಅಕ್ಷರಾ, ನನಗಽ ಬರೀಲಿಲ್ಲ ನೀನು.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಒಂಟಿ ಎಂದರೆ ನಾನೊಬ್ಬಳೇ ಎಂದುಕೊಂಡು ಬೆಳೆದವಳು ನಾನು. ನನ್ನಿಂದಾಗಿಯೂ ಒಬ್ಬರು ಒಂಟಿಯಾಗಿದ್ದರು ಎಂಬುದು ಅರವತ್ತು ದಾಟಿದ ಮೇಲೆ ತಿಳಿಯಿತು. ಮಗ ಬಂದು ಊಟಕ್ಕೆ ಕರೆದ. ಏಳುವ ಮೊದಲು ಅವರು ನನ್ನ ವಾಪಸು ಪ್ರಯಾಣ ಯಾವತ್ತೆಂದು ಕೇಳಿದರು. ನಾಳೆ ಸಂಜೆ ಎಂದೆ.

“ಹೋಗಬ್ಯಾಡ, ಮೈಮೂನವ್ವ. ಅಜೀಜಿಯಾದಾಗ ಮಗನ ಮನಿ ದೊಡ್ಡದೈತಿ. ನಾಕು ದಿನ ನನ್ನ ಜೋಡಿ ಇರು.”

ಟಿಕೆಟ್ ಆಗಿಹೋಗಿದೆ ಗಿರಿಜಕ್ಕ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು, ಅವರು ಕೇಳಿ ಮುಗಿಸುವ ಮೊದಲೇ. ಅವರು ಸರಿ ಎನ್ನುವಂತೆ ತಲೆಯಾಡಿಸಿ, ಮಗನ ತೋಳು ಹಿಡಿದು ನಿಧಾನ ನಡೆದು ಹೋದರು. ಟಿಕೆಟ್ ಬದಲಿಸಲು ನೌಫಲನ ಒಂದು ಫೋನ್ ಸಾಕಿತ್ತು. ಮಂಗಳೂರಿನ ಮನೆಯಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ. ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದೆ. ಹುಟ್ಟಿದಂದಿನಿಂದ ನನಗೆ ಹೋಗಬೇಡ ಎಂದವರು ಅವರೊಬ್ಬರೇ, ಮತ್ತು ಹಾಗೆ ಹೇಳಿಸಿಕೊಂಡವರು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಸಂಜೆಯ ವಿಮಾನಕ್ಕೆ ನಾನು ಹೊರಟೆ.